ಕಾಲು ಮಾಡುವ ಪಾಠ ಎಲ್ಲಿ ಸಿಗುತ್ತದೆ

ಕೃತಕ ಕಾಲು ಮಾಡುವುದನ್ನು ಕಲಿಸುವ ಪುಸ್ತಕ ಹುಡುಕಿಕೊಂಡು ನಾನು ಮೊದಲು ಹೋದದ್ದು ದಾವಣಗೆರೆಯ ವಿದ್ಯಾನಗರದ ಒಂದು ಕಾಲೇಜಿನ ಗ್ರಂಥಾಲಯಕ್ಕೆ. ಅಲ್ಲಿ ಕೆಲವು ವರ್ಷ ನಾನು ಭೌತಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕಿಯಾಗಿದ್ದೆ. ಗ್ರಂಥಪಾಲಕರಿಗೆ ನನ್ನ ಮುಖ ನೆನಪಿತ್ತು.

"ಕೂಡ್ರಿ ಮೇಡಂ. ಕಾಲಿಂದಾ? ಅಂದ್ರೆ ಅನಾಟಮಿ ಬೇಕೇನು?"

"ಕಾಲಿನ ಬಗ್ಗೆ ಅಲ್ಲ ಸರ್. ಕಾಲು ಮಾಡೋದರ ಬಗ್ಗೆ."

ಅವರು ಕನ್ನಡಕ ಮೇಲೆತ್ತಿ ನನ್ನನ್ನೊಮ್ಮೆ ನೋಡಿದರು. "ಅದನ್ನ ಮಾಡಾಂವ ಮ್ಯಾಲೆ ಅದಾನ್ರಿ. ಅಂವ ಇನ್ನೂ ಪುಸ್ತಕ ಬರ್ದಿಲ್ಲ," ಎಂದು ಬೆರಳನ್ನು ಛಾವಣಿಯ ಕಡೆ ತೋರಿಸಿ ನಕ್ಕರು. ಆಮೇಲೆ ನಗುವುದನ್ನು ಬಿಟ್ಟು ಎದ್ದು, ಕಪಾಟುಗಳ ಸಾಲಿನಲ್ಲಿ ನನ್ನ ಜೊತೆ ಬಹಳ ಹೊತ್ತು ಹುಡುಕಿದರು. ಸಿಕ್ಕಿದ್ದು ಮೂಳೆಗಳ ಚಿತ್ರವಿದ್ದ ಒಂದು ಹಳೆಯ ಪುಸ್ತಕ ಮತ್ತು ಬಲಗಳ ಸಮತೋಲನದ ಬಗ್ಗೆ ನಾನೇ ಪಾಠ ಮಾಡುತ್ತಿದ್ದ ಇನ್ನೊಂದು. ನಾನೀಗ ಆ ಕಾಲೇಜಿನವಳಲ್ಲವಾದ್ದರಿಂದ ಎರಡನ್ನೂ ತಮ್ಮ ಹೆಸರಿಗೆ ಬರೆದುಕೊಂಡು ಕೊಟ್ಟು ಕಳಿಸಿದರು. ಆ ಪುಸ್ತಕಗಳಿಂದ ಪ್ರಯೋಜನವಾಗಲಿಲ್ಲ. ಆದರೂ ಈ ಕೆಲಸದಲ್ಲಿ ನನಗೆ ಸಿಕ್ಕ ಮೊದಲ ಉಪಕಾರ ಅದೇ ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ.

ನಾನು ಕೆಲಸ ಮಾಡುವುದು ನಿಟ್ಟುವಳ್ಳಿಯ ಒಂದು ಹಳೆಯ ಮನೆಯಲ್ಲಿ. ಅಂಗಳಕ್ಕೆ ತಗಡು ಹೊದಿಸಿ, ನಡುಮನೆಯ ಗೋಡೆ ಒಡೆದು, ಅದನ್ನು ಕಾರ್ಯಾಗಾರ ಮಾಡಿದ್ದಾರೆ. ಪೋಲಿಯೊದಿಂದ ಸೋತ ಕಾಲುಗಳಿಗೆ ಉಕ್ಕಿನ ಪಟ್ಟಿ, ಚರ್ಮದ ಬೆಲ್ಟು ಸೇರಿಸಿ ಕ್ಯಾಲಿಪರ್ ಮಾಡುವುದರಲ್ಲೇ ನಮ್ಮ ಯಜಮಾನರ ಆಯುಷ್ಯದ ಬಹುಭಾಗ ಕಳೆದಿದೆ. ಈಗ ಪೋಲಿಯೊ ಇಲ್ಲ. ಅವರ ಹತ್ತಿರ ಬರುವವರು ಸಕ್ಕರೆ ಕಾಯಿಲೆಯಲ್ಲಿ, ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡವರು. ಅವರಿಗೆ ಬೇಕಾದದ್ದು ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಅಚ್ಚಿನ ಮೇಲೆ ಎಳೆದು ಮಾಡುವ ಹೊಸ ಬಗೆಯ ಕಾಲು. ಅದರ ಅಳತೆ, ಜೋಡಣೆ ನೋಡಿಕೊಳ್ಳುತ್ತಿದ್ದ ತಜ್ಞೆ ಗಂಡನಿಗೆ ವರ್ಗವಾಗಿ ಬೇರೆ ರಾಜ್ಯಕ್ಕೆ ಹೋದರು. ಅವರ ಜಾಗಕ್ಕೆ ಇನ್ನೊಬ್ಬರು ಸಿಗಲಿಲ್ಲ. ಪತ್ರವ್ಯವಹಾರ, ಕಂಪ್ಯೂಟರ್ ಎಂದು ಸೇರಿಕೊಂಡಿದ್ದ ನಾನು ಆ ಹೊತ್ತಿಗೆ ಪ್ಲಾಸ್ಟರ್ ಕಲಸುವುದಕ್ಕೆ ಕೈ ಹಾಕಿದ್ದೆ.

ಯಜಮಾನರು ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ ಬಂದು, ಕೊರೆಯುವ ಯಂತ್ರಕ್ಕೂ ಪ್ಲಾಸ್ಟಿಕ್ ಕಾಯಿಸುವ ಒಲೆಗೂ ಊದುಬತ್ತಿ ಬೆಳಗುತ್ತಾರೆ. ಹೊಸ್ತಿಲಿನ ಆಚೆಯೇ ಎಲ್ಲರೂ ಚಪ್ಪಲಿ ಬಿಡುತ್ತಾರೆ. ಬಿಡಿ ಎಂದು ಯಾರಿಗೂ ಹೇಳಿದ್ದು ನನಗೆ ನೆನಪಿಲ್ಲ. ಊದುಬತ್ತಿಯ ವಾಸನೆಗೇ ಕಾಲು ತಾನಾಗಿ ಚಪ್ಪಲಿ ಕಳಚಿಕೊಳ್ಳುತ್ತದೆ.

"ನೀ ಕಲಿಯವ್ವ," ಎಂದು ಅವರು ಒಂದು ದಿನ ನನಗೆ ಹೇಳಿದರು. "ಬುಕ್ ಓದಾಕ ಬರ್ತೈತೆ ನಿಂಗೆ. ನಂಗೆ ಕೈ ಐತೆ. ಎರಡೂ ಕೂಡಿದ್ರೆ ಒಂದು ಕಾಲು ಆಗಲ್ವಾ?"

ಕಲಿಯುವುದು ಎಲ್ಲಿ? ವಿಚಾರಿಸಿದೆ. ಕೋರ್ಸುಗಳಿದ್ದವು, ಎಲ್ಲವೂ ದೂರದ ನಗರಗಳಲ್ಲಿ, ಎಲ್ಲವೂ ವರ್ಷಗಟ್ಟಲೆ. ನನ್ನ ವಯಸ್ಸಿಗೆ, ಮನೆಯ ಪರಿಸ್ಥಿತಿಗೆ ಅವು ಹೊಂದುವಂತಿರಲಿಲ್ಲ. ಕನ್ನಡದಲ್ಲಿ ಒಂದು ಪುಟವೂ ಕಾಣಲಿಲ್ಲ. ಹಾಗಾಗಿ ಅಂತರ್ಜಾಲದಲ್ಲಿ ಸಿಕ್ಕಿದ್ದನ್ನೆಲ್ಲ ಇಳಿಸಿಕೊಳ್ಳತೊಡಗಿದೆ. ಯಾರೋ ನೆರಳು ಬೀಳುವಂತೆ ಸ್ಕ್ಯಾನ್ ಮಾಡಿದ ಕೈಪಿಡಿಯ ಬಿಡಿ ಅಧ್ಯಾಯಗಳು. ನಮಗೆ ಗೊತ್ತಿಲ್ಲದ ಭಾಷೆಯ ವಿಡಿಯೋಗಳು. ಕೆಲವು ವಿಡಿಯೋಗಳಲ್ಲಿ ಮುಖವೇ ಇರುತ್ತಿರಲಿಲ್ಲ. ಬಿಳಿ ಪ್ಲಾಸ್ಟರ್ ಮೆತ್ತಿದ ಎರಡು ಕೈಗಳು, ಹಿಂದೆ ಎಲ್ಲೋ ಅಳುವ ಮಗು, ಅಷ್ಟೇ. ಆ ಕೈಗಳ ಒಡೆಯರಿಗೆ ನಾವು ನೋಡುತ್ತೇವೆಂದು ಹೇಗೆ ಗೊತ್ತಿರಬೇಕು? ಯಾವುದೋ ಊರಲ್ಲಿ, ಕೆಲಸದ ನಡುವೆ, ಮುಂದೆ ಯಾರಿಗೋ ಬೇಕಾದೀತು ಎಂದು ಕ್ಯಾಮೆರಾ ಹಚ್ಚಿಟ್ಟ ಅವರೆಲ್ಲರಿಗೂ ನಾನು ಋಣಿ.

ಮಧ್ಯಾಹ್ನ ಊಟವಾದ ಮೇಲೆ ಯಜಮಾನರು ನನ್ನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಮಾತು ಅರ್ಥವಾಗದಿದ್ದರೆ ನಾನು ತಡಕಾಡುತ್ತಿದ್ದೆ. ಅವರು ಧ್ವನಿಯನ್ನೇ ನಿಲ್ಲಿಸು ಎನ್ನುತ್ತಿದ್ದರು.

"ಮಾತು ಬ್ಯಾಡ. ಹೆಬ್ಬೆರಳು ನೋಡು. ಮಂಡಿ ಚಿಪ್ಪಿನ ಕೆಳಗ ಹೆಂಗೆ ಒತ್ಯಾನೆ ನೋಡು."

ಮೊಣಕಾಲ ಕೆಳಗೆ ಉಳಿದ ಭಾಗದಲ್ಲಿ ಎಲ್ಲ ಕಡೆಯೂ ಒಂದೇ ರೀತಿ ಭಾರ ತಡೆಯುವುದಿಲ್ಲ. ಚಿಪ್ಪಿನ ಕೆಳಗಿನ ಸ್ನಾಯುಪಟ್ಟಿ ಭಾರ ಹೊರುತ್ತದೆ, ಹೊರಗಡೆಯ ಸಣ್ಣ ಮೂಳೆಯ ತುದಿ ಮುಟ್ಟಿದರೂ ನೋಯುತ್ತದೆ. ಆದ್ದರಿಂದ ಪ್ಲಾಸ್ಟರಿನ ಅಚ್ಚನ್ನು ಒಂದು ಕಡೆ ಕೆರೆಯಬೇಕು, ಇನ್ನೊಂದು ಕಡೆ ಮೆತ್ತಬೇಕು. ಎಷ್ಟು ಎಂಬುದೇ ವಿದ್ಯೆ. ಕೈಪಿಡಿಯ ಅಧ್ಯಾಯಗಳನ್ನು ನಾನು ಕನ್ನಡಕ್ಕೆ ತಂದು ಓದಿ ಹೇಳುತ್ತಿದ್ದೆ, ಅವರು ಹಳೆಯ ಅಚ್ಚುಗಳ ಮೇಲೆ ಮಾಡಿ ನೋಡುತ್ತಿದ್ದರು.

ಒಂದು ವಿಡಿಯೋದ ಕೊನೆಯಲ್ಲಿ ಇಮೇಲ್ ವಿಳಾಸವಿತ್ತು. ನೇಪಾಳದಲ್ಲಿ ಇದೇ ವಿದ್ಯೆ ಕಲಿಸುವ ಶಿಕ್ಷಕಿಯೊಬ್ಬರದ್ದು. ಬರೆದೆ. ಬಹಳ ದಿನ ಉತ್ತರ ಬರಲಿಲ್ಲ, ನಾನೂ ಮರೆತೆ. ಆಮೇಲೆ ಬಂದ ಉತ್ತರ ಎರಡೇ ಸಾಲು: ಶನಿವಾರ ಮಧ್ಯಾಹ್ನ ತಮಗೆ ಬಿಡುವು, ವಿಡಿಯೋ ಕರೆಯಲ್ಲಿ ನೋಡಬಹುದು, ಆದರೆ ನಿಜವಾದ ರೋಗಿಯೊಬ್ಬರು ಇರಬೇಕು, ಬರಿ ಪ್ರಶ್ನೆ ಬೇಡ.

ಆ ನಿಜವಾದ ವ್ಯಕ್ತಿ ಊರುಗೋಲು ಊರಿಕೊಂಡು ಬಂದಾಗ ನಾನು ನೋಡಿದ ಕೂಡಲೇ ಗುರುತಿಸಿದೆ. ನಾನು ಹರಿಹರದವಳು, ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬರುವವಳು. ಎಷ್ಟೋ ವರ್ಷ ನನಗೆ ಟಿಕೆಟ್ ಕೊಟ್ಟ ಕಂಡಕ್ಟರ್ ಆಕೆ. ಕೆಲವು ತಿಂಗಳಿನಿಂದ ಕಾಣದೆ ಇದ್ದದ್ದಕ್ಕೆ ರೂಟ್ ಬದಲಾಗಿರಬೇಕು ಎಂದುಕೊಂಡಿದ್ದೆ. ಅಷ್ಟಕ್ಕೇ ಬಿಟ್ಟಿದ್ದೆ. ನಿಲ್ದಾಣದಲ್ಲಿ ಹಿಂದಕ್ಕೆ ಬರುತ್ತಿದ್ದ ಲಾರಿ ಆಕೆಯ ಬಲಗಾಲಿನ ಮೇಲೆ ಹರಿದಿತ್ತು. ಮೊಣಕಾಲು ಉಳಿದಿತ್ತು, ಅದರ ಕೆಳಗೆ ಒಂದು ಗೇಣು.

"ಅಯ್ಯ, ಟೀಚರ್! ಮಾರ್ಕ್ಸ್ ಕೊಡೋದು ಬಿಟ್ಟು ಕಾಲು ಕೊಡಾಕತ್ತೀರೇನು?" ಎಂದು ಆಕೆಯೇ ಮೊದಲು ಮಾತಾಡಿದರು.

ನಾನು ಕುರ್ಚಿ ಮುಂದಕ್ಕೆ ಸರಿಸಿದೆ. ಆಕೆ ಕುರ್ಚಿಯಲ್ಲಿ ಕೂತು, ಊರುಗೋಲನ್ನು ಗೋಡೆಗೆ ಆನಿಸಿ, ನೇರವಾಗಿ ವಿಷಯಕ್ಕೆ ಬಂದರು.

"ಡಿಪೋದಾಗ ಹೇಳ್ಯಾರ್ರಿ. ಬಸ್ ಹತ್ತಿ, ಓಡೋ ಬಸ್ಸಿನಾಗ ನಿಂತು ತೋರ್ಸಿದ್ರೆ ಕಂಡಕ್ಟರ್. ಇಲ್ಲಾಂದ್ರೆ ದೂರದ ಯಾವುದೋ ಆಫೀಸಿನಾಗ ಕುರ್ಚಿ. ಮಕ್ಳ ಸಾಲಿ ಹರಿಹರದಾಗ, ಅತ್ತಿ ಹರಿಹರದಾಗ. ಕುರ್ಚಿ ಬ್ಯಾಡ್ರಿ ನಂಗೆ. ಕುಂತ್ರೆ ನಂಗೆ ಮಾತೇ ಬರಲ್ಲ."

"ಈಗ ಕುಂತೇ ಮಾತಾಡಾಕತ್ತೀಯಲ್ಲವ್ವ," ಎಂದರು ಯಜಮಾನರು.

"ಇದು ಅರ್ಧ, ಅಜ್ಜಾರ. ನಿಂತ್ರೆ ನೋಡ್ರಿ."

ಹೀಗೆ ಆ ಕಾಲು ಶುರುವಾಯಿತು. ಶನಿವಾರ ಫೋನನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲಿಟ್ಟು, ನೇಪಾಳದ ಶಿಕ್ಷಕಿ ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತ, ಯಜಮಾನರು ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತ. ಹೆಬ್ಬೆರಳು ಒತ್ತುವಾಗ ಕಂಡಕ್ಟರ್ ಹಲ್ಲು ಕಚ್ಚಿ, "ಟೀಚರ್, ಆ ಮೇಡಮ್ಮಿಗೆ ಹೇಳ್ರಿ, ನಿಮ್ಮ ದೇಶದಾಗ ಬೆಟ್ಟ ಇರಬಹುದು, ನಮ್ಮ ಕಾಲಾಗ ಇಲ್ಲ, ಸ್ವಲ್ಪ ಮೆತ್ತಗ," ಎಂದರು. ನಾನು ಅನುವಾದಿಸಿದೆ. ಆ ಕಡೆ ಶಿಕ್ಷಕಿ ಜೋರಾಗಿ ನಕ್ಕರು. ಯಜಮಾನರ ಕೈಯನ್ನು ಹತ್ತಿರದಿಂದ ತೋರಿಸಲು ಹೇಳಿ, ಅದನ್ನೇ ನೋಡಿ, "ಈ ಕೈಗೆ ನಾನು ಹೆಚ್ಚು ಹೇಳಬೇಕಾಗಿಲ್ಲ," ಎಂದರು. ಅದನ್ನು ಅನುವಾದಿಸುವಾಗ ನನಗೇ ಖುಷಿಯಾಯಿತು.

ಅಚ್ಚು ಕೆರೆದು, ಮೆತ್ತಿ, ಪ್ಲಾಸ್ಟಿಕ್ ಎಳೆದು, ಕಾಲಿನ ತುಂಡು ಕೂರುವ ಬಟ್ಟಲು ಸಿದ್ಧವಾಯಿತು. ಅದಕ್ಕೆ ನಾವು ಸಾಕೆಟ್ ಅನ್ನುತ್ತೇವೆ. ಅದರ ಕೆಳಗೆ ಕೊಳವೆ, ಕೊಳವೆಯ ಕೆಳಗೆ ರಬ್ಬರಿನ ಪಾದ. ಇವು ಮೂರನ್ನೂ ಒಂದಕ್ಕೊಂದು ಯಾವ ಓರೆಯಲ್ಲಿ ನಿಲ್ಲಿಸಬೇಕು ಎಂಬುದು ಜೋಡಣೆ. ಒಂದು ಕೂದಲೆಳೆ ತಪ್ಪಿದರೂ ನಡಿಗೆ ತಪ್ಪುತ್ತದೆ. ಆಕೆ ಎರಡು ಕಂಬಿಗಳ ನಡುವೆ ನಿಂತರು. ನಡೆದರು. ಯಜಮಾನರು ನೆಲಕ್ಕೆ ಕೆನ್ನೆ ತಾಗುವಷ್ಟು ಬಾಗಿ ಪಾದವನ್ನು ನೋಡುತ್ತ, ಅಲೆನ್ ಕೀಯಿಂದ ಬೋಲ್ಟನ್ನು ಒಂದಿಷ್ಟು ತಿರುಗಿಸಿ, ಮತ್ತೆ ನಡೆಸಿ, ಮತ್ತೆ ತಿರುಗಿಸಿ, ಕೊನೆಗೆ ಎದ್ದು ನಿಂತರು. ಆಕೆ ಕಂಬಿ ಬಿಟ್ಟು ಕಾರ್ಯಾಗಾರದ ಈ ಗೋಡೆಯಿಂದ ಆ ಗೋಡೆಗೆ ನಡೆದರು, ತಿರುಗಿದರು, ಸೆರಗು ಸಿಕ್ಕಿಸಿಕೊಂಡು ಇನ್ನೊಮ್ಮೆ ನಡೆದರು. ಬಾಗಿಲಲ್ಲಿ ಕಾಯುತ್ತಿದ್ದ ಬೇರೆಯವರು ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು ಎಂದು ನನ್ನ ನೆನಪು ಹೇಳುತ್ತದೆ. ಆ ದಿನದ ಡೈರಿಯಲ್ಲಿರುವುದು "ಒಲೆಯ ಕಾಯಿಲ್ ಕೆಟ್ಟಿದೆ" ಎಂದಷ್ಟೇ. ಎರಡೂ ನಿಜವಿರಬಹುದು.

ಮರುದಿನ ಆಕೆ ವಾಪಸು ಬಂದರು, ಅಂಗೈ ತರಚಿಕೊಂಡು.

"ಈ ಕಾಲು ನನ್ನ ಮುಂದಕ್ ದೂಡ್ತೈತ್ರಿ. ಬಸ್ಸಿನ ಮೆಟ್ಲು ಹತ್ತಿದ್ನೋ ಇಲ್ಲೋ, ಮೊಣಕಾಲು ಮಡಚಿ ಮುಂದಿದ್ದ ಯಾರೋ ಹಿರೇರ ಮ್ಯಾಲೆ ಬಿದ್ದೆ. ಇಷ್ಟು ವರ್ಷ ನಾನು ಜನರನ್ನ ಮುಂದಕ್ ದೂಡ್ತಿದ್ದೆ. ಈಗ ನನ್ ಕಾಲೇ ನನ್ನ ದೂಡ್ತೈತೆ."

ನಾವು ಕಾಲು ಬಿಚ್ಚಿ ನೋಡಿದೆವು. ಬೋಲ್ಟು ಸಡಿಲವಾಗಿರಲಿಲ್ಲ. ಆಕೆಯನ್ನು ಮತ್ತೆ ನಡೆಸಿದೆವು. ಚೆನ್ನಾಗಿ ನಡೆದರು, ನಿನ್ನೆಯಷ್ಟೇ ಚೆನ್ನಾಗಿ. ಕಳಿಸಿದೆವು. ಎರಡು ದಿನ ಬಿಟ್ಟು ಮತ್ತೆ ಬಂದರು, ಬಸ್ಸಿನಲ್ಲಿ ಮತ್ತೆ ಅದೇ ಆಗಿತ್ತು. ಮನೆಯಲ್ಲಿ? ಮನೆಯಲ್ಲಿ ಸರಿ, ಅಡುಗೆಮನೆ, ಬಚ್ಚಲು, ಎಲ್ಲ ಕಡೆ ಸರಿ. ನಮ್ಮ ಮುಂದೆಯೂ ಸರಿ. ಬೀದಿಯಲ್ಲಿ ಇನ್ನೂ ಊರುಗೋಲಿನ ಆಸರೆ. ಬೀಳುವುದು ಬಸ್ಸಿನಲ್ಲಿ ಮಾತ್ರ.

ನಾನು ಅಚ್ಚಿನಲ್ಲಿ ತಪ್ಪಿರಬೇಕೆಂದು ಅನುವಾದವನ್ನು ಮೊದಲಿನಿಂದ ಪರೀಕ್ಷಿಸಿದೆ. ಚಲಿಸುವ ಬಸ್ಸಿನಲ್ಲಿ ನಿಂತ ದೇಹಕ್ಕೆ ಹಿಂದೆ ಮುಂದೆ ತಗಲುವ ಬಲಗಳ ಚಿತ್ರ ಬರೆದೆ. ಭೌತಶಾಸ್ತ್ರ ಸರಿಯಾಗಿತ್ತು, ಉಪಯೋಗಕ್ಕೆ ಬರಲಿಲ್ಲ. ಏಕೆಂದರೆ ನಿಂತ ಬಸ್ಸನ್ನು ಹತ್ತುವಾಗಲೇ ಆಕೆ ಬೀಳುತ್ತಿದ್ದರು.

ಯಜಮಾನರು ಬೇರೆ ತೀರ್ಮಾನಕ್ಕೆ ಬಂದರು. ಆಕೆ ಒಳಗಿನ ಕೋಣೆಯಲ್ಲಿ ಕಾಲಿಗೆ ಕಾಲುಚೀಲ ಹಾಕಿಕೊಳ್ಳುತ್ತಿದ್ದಾಗ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಕಾಲಾಗ ಏನೂ ಇಲ್ಲವ್ವ. ಹೆದರಿಕಿ ಐತೆ ಆಕಿಗೆ. ಬಸ್ ನಿಲ್ದಾಣದಾಗ ಅಲ್ಲೇನು ಕಾಲು ಹೋಗಿದ್ದು? ಗಾಲಿ ಕಂಡ್ರೆ ಮೊಣಕಾಲು ನಡುಗ್ತೈತೆ."

ನಿಟ್ಟುವಳ್ಳಿಯ ಆ ಮನೆಯಲ್ಲಿ ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳುತ್ತದೆ. ಆಕೆ ಹೊರಗೆ ಬಂದು, "ನಾ ಹೆದರಿಲ್ರಿ," ಎಂದಷ್ಟೇ ಹೇಳಿ ಹೊರಟರು. ಆ ವಾರ ಮತ್ತೆ ಬರಲಿಲ್ಲ.

ಭಾನುವಾರ ಹರಿಹರದಲ್ಲಿ ಆಕೆಯ ಮನೆಗೆ ಹೋದೆ. ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ, ನಮ್ಮ ಮನೆಯಿಂದ ದೂರವೇನಲ್ಲ. ಆಕೆ ಒಗ್ಗರಣೆ ಹಾಕಿದ ಮಂಡಕ್ಕಿ ತಟ್ಟೆಯಲ್ಲಿಟ್ಟುಕೊಂಡು ಒಳಗಿನಿಂದ ಸರಾಗವಾಗಿ ನಡೆದು ಬಂದರು. ಒಂದು ಚೂರೂ ಓಲಾಡಲಿಲ್ಲ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

"ಅಜ್ಜಾರು ಹೇಳಿದ್ದು ಖರೆ ಇರಬೇಕು ಟೀಚರ್," ಎಂದರು ಆಕೆ. ದನಿಯಲ್ಲಿ ಹಾಸ್ಯವಿರಲಿಲ್ಲ. "ಕಾಲು ಚಲೋ ಐತೆ. ನಾನೇ ಕೆಟ್ಟಿದೀನಿ. ಡಿಪೋದಾಗ ಇನ್ನೂ ಕಾಯಂಗಿಲ್ಲ ಅಂದಾರೆ. ಮುಂದಿನ ವಾರ ತೋರಿಸ್ಬೇಕು, ಇಲ್ಲಾಂದ್ರೆ ಕುರ್ಚಿಗೆ ಸಹಿ ಹಾಕ್ಬೇಕು. ಹಾಕಿಬಿಡ್ತೀನಿ."

ಆಕೆಯ ಅತ್ತೆ ಬಾಗಿಲ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಹಾಕ್ತಾಳಂತೆ," ಎಂದರು, ತಲೆ ಎತ್ತದೆ. "ಮನ್ಯಾಗ ಕುಂತು ನನ್ ಮ್ಯಾಲೆ ಒದರೋ ಬದ್ಲು ಬಸ್ಸಿನಾಗ ಒದರ್ಲಿ ಅಂತ ನಾ ದಿನಾ ದೀಪ ಹಚ್ಚಾಕತ್ತೀನಿ."

ಶನಿವಾರದವರೆಗೆ ಸಹಿ ಹಾಕಬೇಡಿ ಎಂದು ಕೇಳಿಕೊಂಡೆ. ಶನಿವಾರ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಹೆದರಿಕೆಯ ವಿವರಣೆಯನ್ನು ಅರ್ಧ ನಾನೂ ನಂಬಿದ್ದೆ. ಪೂರ್ತಿ ನಂಬದೆ ಇದ್ದದ್ದಕ್ಕೆ ಕಾರಣ ಆಕೆಯ ಮೇಲಿನ ವಿಶ್ವಾಸವೋ ಅಥವಾ ನಮ್ಮ ಮೊದಲ ಕಾಲು ಸೋಲಬಾರದೆಂಬ ಆಸೆಯೋ, ಈಗ ಬೇರ್ಪಡಿಸಿ ಹೇಳಲಾರೆ.

ಶನಿವಾರ ಆಕೆ ಬಂದರು, ನಡೆದು ತೋರಿಸಿದರು. ಫೋನಿನ ಆ ಕಡೆ ಶಿಕ್ಷಕಿ ಎದುರಿನಿಂದ, ಪಕ್ಕದಿಂದ ನೋಡಿದರು. ಜೋಡಣೆ ಸರಿಯಿದೆ ಎಂದರು. ಬಸ್ಸಿನ ಕಥೆಯನ್ನು ನಾನು ಮತ್ತೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ ಕೇಳಿದರು:

"ಬಸ್ಸಿಗೆ ಹೋಗುವಾಗ ಅವರು ಕಾಲಿಗೆ ಏನು ಹಾಕುತ್ತಾರೆ?"

"ಕಪ್ಪು ಶೂ. ಯೂನಿಫಾರಂ ಜೊತೆಯದು. ಅಭ್ಯಾಸಕ್ಕೆ ಅದನ್ನೇ ಹಾಕಿಕೊಂಡು ಹೋಗುತ್ತಾರೆ."

"ಶೂ ಎಲ್ಲಿದೆ?"

ನಾನು ಅನುವಾದಿಸಿದೆ. ಮೂವರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದೆವು. ಹೊಸ್ತಿಲಿನ ಆಚೆ, ನಮ್ಮೆಲ್ಲರ ಚಪ್ಪಲಿಗಳ ನಡುವೆ, ಆಕೆಯ ಶೂ ಅಚ್ಚುಕಟ್ಟಾಗಿ ಜೋಡಿಸಿಟ್ಟಿತ್ತು. ಎರಡು ಬೆರಳು ದಪ್ಪದ ಹಿಮ್ಮಡಿ.

ಪಾದವನ್ನು ನಾವು ಬರಿ ನೆಲಕ್ಕೆ ಸರಿಹೊಂದಿಸಿದ್ದೆವು. ಅದರ ಹಿಮ್ಮಡಿಯ ಕೆಳಗೆ ಎರಡು ಬೆರಳು ಎತ್ತರ ಸೇರಿದರೆ ಕೊಳವೆ ಮುಂದಕ್ಕೆ ವಾಲುತ್ತದೆ, ಅದರ ಜೊತೆ ಮೊಣಕಾಲು. ಇಳಿಜಾರಿನಲ್ಲಿ ಯಾರೋ ಹಿಂದಿನಿಂದ ತಳ್ಳಿದ ಹಾಗೆ. ಇಂಥ ಲೆಕ್ಕ ನಾನು ತರಗತಿಯಲ್ಲಿ ಹಲಗೆಯ ಮೇಲೆ ಎಷ್ಟು ಸಲ ಬಿಡಿಸಿದ್ದೆನೋ. ಆಕೆ ಹೊರಗೆ ಬಸ್ಸಿಗೆ ಹೋಗುವಾಗ ಶೂ ಹಾಕಿಕೊಳ್ಳುತ್ತಿದ್ದರು, ನಮಗೆ ತೋರಿಸಲು ಒಳಗೆ ಬರುವಾಗ ಕಳಚುತ್ತಿದ್ದರು. ತಪ್ಪು ಪ್ರತಿಸಲವೂ ಹೊಸ್ತಿಲಿನ ಆಚೆಯೇ ಉಳಿಯುತ್ತಿತ್ತು.

ನೇಪಾಳದ ಶಿಕ್ಷಕಿ ನಗುತ್ತಿದ್ದರು, ಗೇಲಿಯಿಂದಲ್ಲ. ತಮ್ಮ ಎಲ್ಲ ವಿಡಿಯೋಗಳಲ್ಲೂ ಶೂ ಹಾಕಿಸಿಯೇ ನಡೆಸುತ್ತಾರಲ್ಲ, ನೋಡಿರಲಿಲ್ಲವೇ ಎಂದರು. ನೋಡಿದ್ದೆವು. ಒಂದೊಂದು ವಿಡಿಯೋದಲ್ಲೂ ನೋಡಿದ್ದೆವು. "ಚಳಿ ದೇಶದೋರು ಪಾಪ, ಬರಿಗಾಲಾಗ ಹೆಂಗೆ ಇರ್ತಾರೆ" ಎಂದು ಅದಕ್ಕೊಂದು ಕಾರಣವನ್ನೂ ಕಂಡುಕೊಂಡಿದ್ದೆವು. ಆ ಮಾತನ್ನು ಯಜಮಾನರು ಹೇಳಿದರೆಂದು ನನಗೆ ಖಚಿತವಾಗಿ ನೆನಪಿದೆ. ನಾನೇ ಹೇಳಿದ್ದೆಂದು ಅವರಿಗೂ ಅಷ್ಟೇ ಖಚಿತವಾಗಿ ನೆನಪಿದೆ. ಈ ವಿಷಯದಲ್ಲಿ ಇಬ್ಬರೂ ಇನ್ನೂ ರಾಜಿಯಾಗಿಲ್ಲ.

"ಶೂ ಹಾಕಿಸಿ ಜೋಡಣೆ ಮಾಡಿ," ಎಂದರು ಶಿಕ್ಷಕಿ.

ಆ ಕಾರ್ಯಾಗಾರದೊಳಗೆ ಪಾದರಕ್ಷೆ ಬಂದದ್ದನ್ನು ನಾನು ಕಂಡಿರಲಿಲ್ಲ. ತಪಾಸಣೆಗೆ ಬಂದ ಅಧಿಕಾರಿಗಳೂ ಕಾಲುಚೀಲದಲ್ಲೇ ಒಳಗೆ ಓಡಾಡಿ ಹೋಗಿದ್ದರು. ಕಂಡಕ್ಟರ್, "ಹೊರಗ ಕಟ್ಟೆ ಮ್ಯಾಲೆ ಮಾಡಿದ್ರೆ ಆಗಲ್ವಾ?" ಎಂದರು. ಕಟ್ಟೆ ಓರೆಯಾಗಿತ್ತು. ಸಮತಟ್ಟಾದ ನೆಲ ಇದ್ದದ್ದು ಒಳಗೆ, ಯಂತ್ರದ ಮುಂದೆ.

ಯಜಮಾನರು ಎದ್ದು ಹೊರಗೆ ಹೋದರು. ಆಕೆಯ ಬಲಗಾಲಿನ ಶೂ ಎತ್ತಿಕೊಂಡರು. ಹೆಗಲ ಮೇಲಿನ ಟವಲಿನಿಂದ ಅದರ ಅಡಿಯನ್ನು ಒರೆಸಿದರು, ನಿಧಾನವಾಗಿ, ಮೂಲೆಯ ಮಣ್ಣನ್ನೂ ತೆಗೆದು. ಆಕೆ ಗಾಬರಿಯಿಂದ, "ಅಯ್ಯಯ್ಯೋ, ಬ್ಯಾಡ್ರಿ ಅಜ್ಜಾರ, ನೀವು ಮುಟ್ಟಬ್ಯಾಡ್ರಿ, ನಾ ತಗೊಂತೀನಿ," ಎಂದು ಎದ್ದರು.

"ಕೂಡ್ರು. ಅಳತಿ ಸಾಮಾನು ಇದು. ಟೇಪ್ ಒಳಗ ತರಲ್ವೇನು ನಾನು?"

ಎಡಗಾಲಿನದನ್ನೂ ತಂದರು. ಆಕೆಯ ಮುಂದೆ ಕೂತು ತಾವೇ ರಬ್ಬರಿನ ಪಾದಕ್ಕೆ ಶೂ ತೊಡಿಸಿ, ಲೇಸು ಕಟ್ಟಿ, ಅಲೆನ್ ಕೀ ತೆಗೆದರು. ವಿಭೂತಿಯ ಹಣೆ ಆಕೆಯ ಶೂವಿನ ಹತ್ತಿರ ಬಾಗಿದ್ದನ್ನು ನಾನು ನೋಡಿದೆ. ಆಕೆ ಮುಖ ಬೇರೆ ಕಡೆ ತಿರುಗಿಸಿದ್ದರು. ಫೋನಿನಿಂದ ಶಿಕ್ಷಕಿ, "ಸಂಪರ್ಕ ಹೋಯಿತಾ? ಯಾಕೆ ಯಾರೂ ಮಾತಾಡುತ್ತಿಲ್ಲ?" ಎಂದು ಕೇಳಿದರು.

ಹೊಸ ಜೋಡಣೆಯಲ್ಲಿ ಆಕೆ ನಡೆದಾಗ ಆ ಮನೆಯಲ್ಲಿ ಹಿಂದೆಂದೂ ಕೇಳದ ಟಕ್ ಟಕ್ ಸದ್ದಾಯಿತು. ಯಜಮಾನರು ಅದನ್ನು ಮುಗಿಯುವವರೆಗೂ ಕೇಳಿ, "ನಡಿ, ಬಸ್ ಹತ್ತು. ನಾನೂ ಬರ್ತೀನಿ," ಎಂದರು.

ಮೂವರೂ ಹೋದೆವು. ಆಕೆ ಹತ್ತಿದರು. ಬಲಗಾಲು ಮೆಟ್ಟಿಲ ಮೇಲಿಟ್ಟು, ಒಂದು ಕ್ಷಣ ಕಾದು, ಎದ್ದರು. ಮೊಣಕಾಲು ನಿಂತಿತು. ಹರಿಹರದವರೆಗೂ ಆಕೆ ಕಂಬಿಗೆ ಸೊಂಟ ಆನಿಸಿ ನಿಂತೇ ಬಂದರು. ಯಜಮಾನರಿಗೆ ಸೀಟು ಸಿಕ್ಕಿರಲಿಲ್ಲ. ತಿರುವಿನಲ್ಲಿ ಬಸ್ಸು ಓಲಾಡಿದಾಗ ಅವರು ಎರಡೂ ಕೈಯಿಂದ ಕಂಬಿ ತಬ್ಬಿಕೊಂಡರು.

"ಯಾಕ ಅಜ್ಜಾರ," ಎಂದರು ಆಕೆ, ಬಸ್ಸಿಗೆಲ್ಲ ಕೇಳುವಂತೆ, "ಕಾಲಾಗ ಏನೂ ಇಲ್ಲ. ಹೆದರಿಕಿ ಐತೆ ನಿಮಗ!"

ಯಜಮಾನರು ನಕ್ಕರು. ಬಹಳ ಹೊತ್ತು ನಕ್ಕರು. ಕ್ಷಮೆ ಕೇಳುವ ಅವರ ರೀತಿ ಅದೇ ಇರಬೇಕು, ಆಕೆಗೂ ಅಷ್ಟು ಸಾಕಾಯಿತು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯಲು ಆಸೆ. ಆದರೆ ಮರುದಿನ ಬೆಳಿಗ್ಗೆಯೇ ಆಕೆಯ ಫೋನು. ಬಸ್ಸಿಗೆ ಹೊಂದಿದ ಕಾಲು ಮನೆಗೆ ಹೊಂದಲಿಲ್ಲ. ಶೂ ಕಳಚಿ ಅಡುಗೆಮನೆಗೆ ಹೋದರೆ ಈಗ ಹಿಂದಕ್ಕೆ ಎಳೆಯುತ್ತಿತ್ತು. ಅತ್ತೆ ಹಿಂದಿನಿಂದ ಕೂಗುವುದು ನನಗೂ ಕೇಳಿಸಿತು: "ಶೂ ಹಾಕ್ಕೊಂಡೇ ಬರ್ಲಿ ಬಿಡ್ರಿ, ನಾ ಆ ಕಡಿ ನೋಡ್ತೀನಿ!" ಆದರೆ ಒಲೆಯ ಮುಂದೆ ಶೂ ಹಾಕಿ ನಿಲ್ಲಲು ಆಕೆಗೇ ಮನಸ್ಸಿರಲಿಲ್ಲ.

ಇದಕ್ಕೆ ಉತ್ತರ ಯಾವ ವಿಡಿಯೋದಲ್ಲೂ ಹುಡುಕಬೇಕಾಗಲಿಲ್ಲ. ಒಂದು ಕಾಲು ಗಿಡ್ಡವಾದ ಮಕ್ಕಳಿಗೆ ಬೂಟಿನಡಿ ಎತ್ತರ ಕೂರಿಸುವುದು ಯಜಮಾನರು ಹಳೆಯ ಕಾಲದಿಂದ ಮಾಡಿಕೊಂಡು ಬಂದ ಕೆಲಸ. ಶೂವಿನ ಹಿಮ್ಮಡಿಯಷ್ಟೇ ಎತ್ತರದ ರಬ್ಬರ್ ತುಂಡು ಕತ್ತರಿಸಿ, ಪಾದದ ಹಿಂಭಾಗಕ್ಕೆ ಕೂರುವಂತೆ ಕೆತ್ತಿ, ಅದನ್ನು ಕಾಲುಚೀಲದೊಳಗೆ ಹೊಲಿದರು. ಹೊರಗೆ ಶೂ, ಮನೆಯಲ್ಲಿ ಆ ಕಾಲುಚೀಲ. ನೇಪಾಳದ ಶಿಕ್ಷಕಿಗೆ ಚಿತ್ರ ಕಳಿಸಿದೆ. ಒಂದು ಗಂಟೆಯಲ್ಲಿ ಅವರ ಉತ್ತರ ಬಂತು. ಈ ಪ್ರಶ್ನೆ ಅವರ ವಿದ್ಯಾರ್ಥಿಗಳಿಗೂ ಇದೆಯಂತೆ, ಹೊಲಿಗೆಯ ಜಾಗವನ್ನು ಹತ್ತಿರದಿಂದ ತೆಗೆದು ಕಳಿಸಬೇಕಂತೆ.

ಡಿಪೋದ ಪರೀಕ್ಷೆಗೆ ನಾನು ಹೋಗಿರಲಿಲ್ಲ. ಆದರೂ ಕಣ್ಣಿಗೆ ಕಟ್ಟಿದ ಹಾಗಿದೆ, ಅದಕ್ಕೇ ಅನುಮಾನ. ಆಕೆ ಹೇಳಿದ ಪ್ರಕಾರ, ಅಧಿಕಾರಿ ಬಸ್ಸನ್ನು ಉಬ್ಬುತಗ್ಗಿನ ಮೇಲೆ ಓಡಿಸಲು ಹೇಳಿ, ಎರಡು ಸಲ ಬ್ರೇಕ್ ಹಾಕಿಸಿ, ಆಕೆ ನಿಂತೇ ಇದ್ದದ್ದನ್ನು ನೋಡಿ, ಕೊನೆಗೆ ಇಳಿದು ಹತ್ತಲು ಹೇಳಿದರು. ಆ ಬಸ್ಸಿನ ಡ್ರೈವರ್ ಹೇಳಿದ ಪ್ರಕಾರ, ಮೊದಲ ಬ್ರೇಕಿಗೇ ಅಧಿಕಾರಿ ಸೀಟಿನ ಮೇಲೆ ಕುಸಿದರು, ಆಕೆ ಅವರ ಕೈ ಹಿಡಿದು ಎಬ್ಬಿಸಿದರು, ಎರಡನೆಯ ಬ್ರೇಕು ನಡೆಯಲೇ ಇಲ್ಲ. ಎರಡು ಕಥೆಯಲ್ಲೂ ಮುಗಿತಾಯ ಒಂದೇ: ಸೋಮವಾರದಿಂದ ಡ್ಯೂಟಿಗೆ ಬನ್ನಿ.

ಸಂಜೆ ಆಕೆ ಪೇಡೆಯ ಡಬ್ಬಿ ಹಿಡಿದು ನಿಟ್ಟುವಳ್ಳಿಗೆ ಬಂದರು. ಯಜಮಾನರು ಮೊದಲ ಪೇಡೆಯನ್ನು ಯಂತ್ರದ ಮುಂದಿಟ್ಟರು. ನಾನು ಶಿಕ್ಷಕಿಗೆ ಕರೆ ಮಾಡಿ ಧನ್ಯವಾದ ಹೇಳಲು ಹೋಗಿ, ಹಿಂದಿ ಸಾಲದೆ ತಡವರಿಸಿದೆ. ಅವರು ನನ್ನನ್ನು ತಡೆದು, ತಮಗೂ ಹೀಗೆ ದೂರದಿಂದ ಹೇಳಿಕೊಟ್ಟವರಿದ್ದರು ಎಂದರು. ಧನ್ಯವಾದದ ಬದಲು ನಿಮ್ಮ ಭಾಷೆಯಲ್ಲಿ ಪಾಠಗಳನ್ನು ಮಾಡಿ, ಅಲ್ಲಿ ಹುಡುಕುವವರಿಗೆ ಸಿಗಲಿ ಎಂದರು.

ಈಗ ಅದನ್ನೇ ಮಾಡುತ್ತಿದ್ದೇವೆ. ಕನ್ನಡದಲ್ಲಿ, ಫೋನಿನಲ್ಲಿ, ತುಂಡು ತುಂಡಾಗಿ. ಮಾತು ನನ್ನದು, ಕೈ ಯಜಮಾನರದು. ನನ್ನ ದನಿ ತರಗತಿಯಲ್ಲಿರುವಂತೆ ಇರುತ್ತದೆಂದು ನನಗೇ ಬೇಸರ. ಯಜಮಾನರು ಮಾತ್ರ ಕ್ಯಾಮೆರಾ ಮರೆತು ಕೆಲಸ ಮಾಡುತ್ತಾರೆ, ನಡುವೆ ಟೀ ಬಂದರೆ ಕುಡಿಯುತ್ತಾರೆ. ಮಾಯಕೊಂಡದ ಕಡೆಯ ಒಬ್ಬ ಚರ್ಮದ ಕೆಲಸದವರು ಮೊದಲ ಪಾಠ ನೋಡಿ ಫೋನ್ ಮಾಡಿದ್ದರು. ಪ್ಲಾಸ್ಟರಿಗೆ ನೀರು ಎಷ್ಟು ಎಂಬುದನ್ನು ನಾವು ಹೇಳಲು ಮರೆತಿದ್ದೆವಂತೆ. ಹೌದು, ಮರೆತಿದ್ದೆವು. ಆ ಫೋನಿನಿಂದ ಇಡೀ ದಿನ ನನ್ನ ಮನಸ್ಸು ಹಗುರವಾಗಿತ್ತು.

ಜೋಡಣೆಯ ಪಾಠಕ್ಕೆ ನಡೆದು ತೋರಿಸಲು ಕಂಡಕ್ಟರ್ ಒಪ್ಪಿದ್ದರು. ಕಳೆದ ವಾರ ನೆಲ ಗುಡಿಸಿ, ಫೋನ್ ಸ್ಟ್ಯಾಂಡಿಗೆ ಸಿಕ್ಕಿಸಿ, ಶನಿವಾರದ ಕರೆಯನ್ನೂ ಹೊಂದಿಸಿ ಕಾಯುತ್ತಿದ್ದೆವು. ಯಜಮಾನರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಬಹಳ ಹೊತ್ತಾದ ಮೇಲೆ ಆಕೆ ಫೋನ್ ಮಾಡಿದರು. ಸುತ್ತ ಜನರ ಗದ್ದಲ, ಹಾರನ್ನು, ಮಾತು ಸರಿಯಾಗಿ ಕೇಳಿಸಲಿಲ್ಲ.

"ಟೀಚರ್, ಇನ್ನೊಬ್ಬಾಕಿ ರಜಾ ಹಾಕ್ಯಾಳೆ, ಡಬಲ್ ಡ್ಯೂಟಿ ಬಿದ್ದೈತೆ, ಬರಾಕ ಆಗಲ್ಲ. ಮುಂದಿನ ವಾರನೂ ಹೇಳಾಕ ಬರಲ್ಲ. ಬೇಜಾರ್ ಮಾಡ್ಕಬ್ಯಾಡ್ರಿ. ಏ ಅಣ್ಣ, ಚಿಲ್ಲರೆ ತೆಗಿ—" ಅಲ್ಲಿಗೆ ಕಡಿದುಹೋಯಿತು.

ನಾನು ಯಜಮಾನರಿಗೆ ಹೇಳಿದೆ. ಅವರು ಅಂಗಿಯ ತೋಳು ಮಡಚಿಕೊಂಡು, "ಭಾಳ ಚಲೋ ಆತು," ಎಂದು ಬೇರೆ ಕೆಲಸಕ್ಕೆ ಕೂತರು. ನಾನು ಸ್ಟ್ಯಾಂಡ್ ಮಡಚಿದೆ. ಆ ಪಾಠ ಇನ್ನೂ ಆಗಿಲ್ಲ.